ಖರ್ಚಿಲ್ಲದ ಕ್ಯಾಮೆರಾ

ದುಶ್ಚಟಕ್ಕೂ ಹವ್ಯಾಸಕ್ಕೂ ಇರುವ ವ್ಯತ್ಯಾಸ ಇಷ್ಟೇ: ದುಶ್ಚಟವಿದ್ದವನ ಹೆಂಡತಿಯ ಪರವಾಗಿ ಓಣಿಯೆಲ್ಲ ನಿಲ್ಲುತ್ತದೆ, ಹವ್ಯಾಸವಿದ್ದವನ ಹೆಂಡತಿಯ ಪರವಾಗಿ ಯಾರೂ ನಿಲ್ಲುವುದಿಲ್ಲ. ಗಂಡ ಕುಡಿದು ತೂರಾಡುತ್ತ ಬಂದರೆ ‘ಪಾಪ, ಆಕಿ ಹೆಂಗ ಸಂಸಾರ ಮಾಡ್ತಾಳೋ’ ಎನ್ನುವ ಜನ, ಅದೇ ಗಂಡ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬಂದರೆ ‘ನಿಮ್ಮ ಯಜಮಾನ್ರು ಭಾಳ ದೊಡ್ಡ ಕಲಾವಿದ್ರು ನೋಡ್ರಿ’ ಎಂದು ಆಕೆಯನ್ನೇ ಅಭಿನಂದಿಸಿ ಹೋಗುತ್ತಾರೆ. ಎರಡರಲ್ಲೂ ಸಂಬಳ ಮಾತ್ರ ಒಂದೇ ವೇಗದಲ್ಲಿ ಕರಗುತ್ತದೆ. ನಮ್ಮ ಮನೆಯದು ಎರಡನೆಯ ಜಾತಿಯ ಕಷ್ಟ. ನಾನು ಅಗಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಮನೆ ಹಾವೇರಿಯಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಲೆಕ್ಕ ತಪ್ಪಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತ ಬಂದು ಹದಿನೆಂಟು ವರ್ಷವಾಗಿತ್ತು. ಅಂಥ ನಾನೇ ಬಲು ಸುಲಭದ ಒಂದು ಲೆಕ್ಕ ತಪ್ಪಿ, ಬ್ಯಾಡಗಿಯಲ್ಲಿ ಅರವತ್ತು ಜನ ಬೀಗರ ಎದುರಿಗೆ ಎದ್ದು ನಿಂತ ಪ್ರಸಂಗವನ್ನು ಹೇಳಬೇಕೆಂದಿದ್ದೇನೆ.

ರೀಲಿನ ಕಾಲದಲ್ಲಿ ನಾನು ಮಹಾ ಜಿಪುಣ. ಡಬ್ಬಿಯ ಮೇಲೆ ಮೂವತ್ತಾರು ಫೋಟೋ ಎಂದು ಬರೆದಿದ್ದರೆ, ಕಪಾಟಿನ ನೆರಳಿನಲ್ಲಿ ಬಗ್ಗಿ ಕುಳಿತು, ರೀಲಿನ ತುದಿಯನ್ನು ಒಂದಿಷ್ಟೂ ಹಾಳು ಮಾಡದೆ ಸಿಕ್ಕಿಸಿ, ಮೂವತ್ತೆಂಟು ತೆಗೆಯುತ್ತಿದ್ದೆ. ಆ ಕೊನೆಯ ಎರಡರಿಂದ ಸಿಗುತ್ತಿದ್ದ ಸಂತೋಷ ಮೊದಲಿನ ಮೂವತ್ತಾರರಿಂದ ಎಂದೂ ಸಿಗಲಿಲ್ಲ. ರೀಲು, ತೊಳೆಸುವುದು, ಪ್ರಿಂಟು ಎಲ್ಲ ಸೇರಿ ಒಂದು ಸಲ ಗುಂಡಿ ಒತ್ತಿದರೆ ಸುಮಾರು ಏಳು ರೂಪಾಯಿ ಬೀಳುತ್ತಿತ್ತು. ಏಳು ರೂಪಾಯಿಗೆ ಆಗ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಎರಡು ಬಿಸಿ ಮಿರ್ಚಿ ಭಜಿ, ಮೇಲೊಂದು ಚಹಾ ಬರುತ್ತಿತ್ತು. ಹೀಗಾಗಿ ಕಣ್ಣಿಗೆ ಕ್ಯಾಮೆರಾ ಹಿಡಿದಾಗಲೆಲ್ಲ ಎದುರಿಗಿರುವ ದೃಶ್ಯ ಮಿರ್ಚಿ-ಚಹಾಕ್ಕಿಂತ ಮಿಗಿಲೋ ಅಲ್ಲವೋ ಎಂದು ಒಳಗೊಳಗೇ ತೂಗುತ್ತಿದ್ದೆ. ಸೃಷ್ಟಿಸೌಂದರ್ಯದ ಬಹುಪಾಲು ಮಿರ್ಚಿಯ ಎದುರು ಸೋಲುತ್ತಿತ್ತು. ಪಂಚಮಿಗೆ ಹಾಕಿದ ರೀಲು ದೀಪಾವಳಿಗೆ ಮುಗಿಯುತ್ತಿತ್ತು. ತೊಳೆಸಿ ತಂದಾಗ ಒಂದೇ ಲಕೋಟೆಯಲ್ಲಿ ಜೋಕಾಲಿ, ಗಣಪತಿ, ಶಾಲೆಯ ಕಬಡ್ಡಿ ತಂಡ, ಹೆಂಡತಿ ಗಿರಿಜಾಳ ಬನ್ನಿ ಹಬ್ಬದ ಸೀರೆ ಎಲ್ಲ ಒಟ್ಟಿಗೆ ಹೊರಬೀಳುತ್ತಿದ್ದವು. ಮೂರು ತಿಂಗಳ ಹಿಂದಿನ ನಮ್ಮನ್ನು ನೋಡಿ ನಾವೇ ಬೆರಗಾಗುತ್ತಿದ್ದೆವು.

ರೀಲು ತೊಳೆಸಲು ಹಾವೇರಿಯಲ್ಲಿ ಜಾಗವಿರಲಿಲ್ಲವೆಂದಲ್ಲ. ಆದರೆ ನಾನು ರಾಣೆಬೆನ್ನೂರಿಗೇ ಹೋಗುತ್ತಿದ್ದೆ. ಅಲ್ಲಿಯ ಕುರುಚಲು ಕಾಡಿನಲ್ಲಿ ಚಿಗರಿಗಳಿವೆ, ಅಂದರೆ ಕೃಷ್ಣಮೃಗಗಳು. ರೈಲ್ವೆ ಸ್ಟೇಷನ್ನಿನ ರಸ್ತೆಯಲ್ಲಿ ದಸ್ತಗೀರ ಸಾಹೇಬರ ಸ್ಟುಡಿಯೊ ಇತ್ತು. ಚಿಗರಿ ನನ್ನ ಫೋಟೋದಲ್ಲಿ ಸಿಗುತ್ತಿದ್ದುದು ಅಪರೂಪ, ದಸ್ತಗೀರ ಸಾಹೇಬರು ಮಾತ್ರ ಯಾವಾಗಲೂ ಸಿಗುತ್ತಿದ್ದರು. ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಆ ಸೀಮೆಯ ಅರ್ಧ ಮದುವೆಗಳ ಫೋಟೋ ಅವರದೇ. ನನ್ನ ಪ್ರಿಂಟುಗಳನ್ನು ಗಾಜಿನ ಮೇಜಿನ ಮೇಲೆ ಇಸ್ಪೀಟಿನ ಎಲೆ ಹಾಕಿದಂತೆ ಹರಡಿ, ಡಾಕ್ಟರರು ರೋಗಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

‘ಮಾಸ್ತರ್ರ, ಇದರಾಗ ಚಿಗರಿ ಎಲ್ಲೈತ್ರಿ?’

‘ಆ ಜಾಲಿ ಗಿಡದ ಹಿಂದ ಐತಿ ನೋಡ್ರಿ. ಕೋಡಿನ ತುದಿ ಕಾಣ್ತೈತಿ.’

‘ಹಂಗಾರ ಜಾಲಿ ಗಿಡದ ಫೋಟೋ ಅಂತ ಹಿಂದ ಬರದ್ ಬಿಡ್ರಿ. ಗಿಡ ಭಾಳ ಚುಲೋ ಬಂದೈತಿ.’

ಹೀಗೆ ಹೇಳಿ, ಮಂಜಾದ ಫೋಟೋಗಳಿಗೆ ದುಡ್ಡು ತೆಗೆದುಕೊಳ್ಳದೆ, ಚಹಾ ತರಿಸುತ್ತಿದ್ದರು. ಆ ಲಕೋಟೆಯನ್ನು ಎದೆಗೆ ಒತ್ತಿಕೊಂಡು ಹಾವೇರಿ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕುಳಿತು ಮತ್ತೊಮ್ಮೆ ತೆರೆದು ನೋಡುವುದರಲ್ಲಿ ಇದ್ದ ಪುಳಕವನ್ನು ಹೇಗೆ ವಿವರಿಸಲಿ? ಪಕ್ಕದವರು ಯಾರಾದರೂ ಇಣುಕಿದರೆ ಅವರಿಗೂ ಜಾಲಿ ಗಿಡವನ್ನು ತೋರಿಸುತ್ತಿದ್ದೆ.

ರೀಲಿನ ಇನ್ನೊಂದು ದೊಡ್ಡ ಉಪಕಾರ ನನಗೆ ಆಗ ತಿಳಿದಿರಲಿಲ್ಲ. ಕ್ಯಾಮೆರಾ ಕಂಡ ಕೂಡಲೇ ‘ನಂದೊಂದು ತಗೀರಿ’ ಎಂದು ಬರುವ ಜನ ಆಗಲೂ ಇದ್ದರು. ಆದರೆ ‘ರೀಲ್ ಮುಗದೈತ್ರಿ’ ಎಂಬ ಎರಡು ಮಾತಿಗೆ ಎಂಥವರೂ ಹಿಂದೆ ಸರಿಯುತ್ತಿದ್ದರು. ಹೆಡ್‌ಮಾಸ್ತರರ ಷಷ್ಟ್ಯಬ್ದಿಯ ಬಳಗವನ್ನೆಲ್ಲ ಆ ಎರಡು ಮಾತಿನಿಂದ ಗೆದ್ದವನು ನಾನು.

ಇಂಥ ನೆಮ್ಮದಿಯ ಕಾಲದಲ್ಲಿ ಡಿಜಿಟಲ್ ಕ್ಯಾಮೆರಾ ಬಂತು. ಮೊದಲು ಅದನ್ನು ಕಂಡದ್ದು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ. ಅಂಗಡಿಯವನು ನನ್ನ ಮುಖಕ್ಕೇ ಹಿಡಿದು ಗುಂಡಿ ಒತ್ತಿ, ಮರುಕ್ಷಣ ತಿರುಗಿಸಿ ತೋರಿಸಿದ. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ನಾನೇ ಬಾಯಿ ತೆರೆದುಕೊಂಡು ನಿಂತಿದ್ದೆ! ‘ಬ್ಯಾಡಾದ್ರ ಅಳಿಸಿದ್ರಾತ್ರಿ’ ಎಂದು ಇನ್ನೊಂದು ಗುಂಡಿ ಒತ್ತಿದ, ನಾನು ಮಾಯವಾದೆ. ಒಂದು ಪೈಸೆಯ ಖರ್ಚಿಲ್ಲದೆ ಒಬ್ಬ ಮನುಷ್ಯನನ್ನು ಹುಟ್ಟಿಸಿ ಅಳಿಸಿಬಿಟ್ಟನಲ್ಲ ಎಂದು ಮೈ ಜುಮ್ಮೆಂದಿತು. ಹುಬ್ಬಳ್ಳಿಯಿಂದ ಹಾವೇರಿಯವರೆಗೆ ಬಸ್ಸಿನಲ್ಲಿ ನನಗೆ ಒಂದು ಊರೂ ಕಾಣಲಿಲ್ಲ. ಮನೆಗೆ ಬಂದವನೇ ಒಂದು ಹಳೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಗಿರಿಜಾಳಿಗೆ ಲೆಕ್ಕ ಬಿಡಿಸಿ ತೋರಿಸಿದೆ. ಕ್ಯಾಮೆರಾಕ್ಕೆ ಹದಿನಾಲ್ಕು ಸಾವಿರ. ರೀಲಿನಲ್ಲಿ ಒಂದು ಫೋಟೋಕ್ಕೆ ಏಳು ರೂಪಾಯಿ. ಹದಿನಾಲ್ಕು ಸಾವಿರ ಭಾಗಿಸು ಏಳು, ಎರಡು ಸಾವಿರ. ಎರಡು ಸಾವಿರ ಫೋಟೋ ತೆಗೆದ ದಿನ ಕ್ಯಾಮೆರಾದ ರೊಕ್ಕ ವಸೂಲು. ಅಲ್ಲಿಂದ ಮುಂದೆ ಜೀವಮಾನವಿಡೀ ಖರ್ಚೇ ಇಲ್ಲ!

ಗಿರಿಜಾ ಕೊತ್ತಂಬರಿ ಬಿಡಿಸುತ್ತ ಕೇಳಿಸಿಕೊಂಡಳು. ‘ಇಷ್ಟ ದಿನ ವರ್ಷಕ್ಕ ಎಷ್ಟ ತಗದೀರಿ?’

‘ನೂರರ ಮ್ಯಾಲ ಆಗಬಹುದು.’

‘ಹಂಗಾರ ಎರಡ ಸಾವಿರ ಆಗಾಕ ಇಪ್ಪತ್ತ ವರ್ಷ ಬೇಕಲ್ರೀ.’

ಗಣಿತದ ಮಾಸ್ತರನ ಹೆಂಡತಿಗೆ ಭಾಗಾಕಾರ ಬರಬಾರದು. ಆದರೆ ಆ ಹೊತ್ತಿಗೆ ನನ್ನ ಕಿವಿ ಮುಚ್ಚಿತ್ತು. ಸಂಬಳದ ಅರಿಯರ್ಸ್ ಬಂದಿತ್ತು. ಮುಂದಿನ ಭಾನುವಾರ ಕ್ಯಾಮೆರಾ ನಮ್ಮ ಮನೆಯ ದೇವರ ಮುಂದೆ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು.

ಆ ಮೊದಲ ತಿಂಗಳ ಉತ್ಸಾಹವನ್ನು ನೆನೆದರೆ ಈಗಲೂ ಬೆರಳು ತುರಿಸುತ್ತದೆ. ಜೀವಮಾನವಿಡೀ ಪಡಿ ಅಕ್ಕಿಯಲ್ಲಿ ಬದುಕಿದವನನ್ನು ಉಗ್ರಾಣದಲ್ಲಿ ಬಿಟ್ಟ ಹಾಗಾಗಿತ್ತು. ನಮ್ಮ ಮಾಳಿಗೆಯ ಮೇಲೆ ಬರುವ ಒಂದು ಕಾಗೆಯನ್ನೇ ಒಂದು ಮುಂಜಾನೆ ನೂರು ಸಲ ತೆಗೆದೆ. ಎಡಗಡೆಯಿಂದ ಕಾಗೆ, ಬಲಗಡೆಯಿಂದ ಕಾಗೆ, ಕಾಗೆ ಹಾರಿಹೋದ ಮೇಲಿನ ಗೋಡೆ. ಕೆಳಗಿಳಿದು ಬಂದು, ‘ಗಿರಿಜಾ, ಇವತ್ತ ಏಳನೂರು ರೂಪಾಯಿ ಉಳಿಸಿದೆ ನೋಡು!’ ಎಂದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಅಂಗೈ ಚಾಚಿದಳು. ‘ಕೊಡ್ರಿ ಹಂಗಾರ. ಸಂತಿಗೆ ಹೋಗಬೇಕು.’ ಉಳಿತಾಯದ ಹಣ ಕಣ್ಣಿಗೆ ಕಾಣುವ ಜಾತಿಯದಲ್ಲ ಎಂದು ಆಕೆಗೆ ತಿಳಿಸಿ ಹೇಳಲು ನನಗೆ ಸಾಧ್ಯವಾಗಲಿಲ್ಲ. ಎರಡು ಸಾವಿರ ಫೋಟೋ ಐದೇ ವಾರದಲ್ಲಿ ಮುಗಿದವು. ನನ್ನ ಲೆಕ್ಕದ ಪ್ರಕಾರ ಕ್ಯಾಮೆರಾ ಪುಕ್ಕಟೆಯಾಗಿತ್ತು. ಈ ಶುಭವಾರ್ತೆಯನ್ನು ಸ್ಟಾಫ್ ರೂಮಿನಲ್ಲಿ, ಅಗಡಿಯ ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಕಂಡಕಂಡವರಿಗೆಲ್ಲ ಸಾರಿದೆ. ನನಗೆ ಮುಳುವಾದದ್ದು ಇದೇ.

ನಿಜದ ಖರ್ಚು ಹಿತ್ತಲ ಬಾಗಿಲಿನಿಂದ ಬರುತ್ತಿತ್ತು. ಕ್ಯಾಮೆರಾದ ಜೊತೆಗೆ ಬಂದ ಕಾರ್ಡಿನಲ್ಲಿ ಹದಿನಾರು ಫೋಟೋ ಹಿಡಿಯುತ್ತಿದ್ದವು. ಮೂರನೆಯ ದಿನವೇ ದೊಡ್ಡ ಕಾರ್ಡು ತಂದೆ. ಕಾರ್ಡು ತುಂಬಿದ ಮೇಲೆ ಸುರಿಯಲು ಜಾಗ ಬೇಕಲ್ಲ, ಹುಬ್ಬಳ್ಳಿಯಿಂದ ಒಂದು ಹಳೆಯ ಕಂಪ್ಯೂಟರ್ ತಂದೆ. ಹಾವೇರಿಯ ಕರೆಂಟು ಹೇಳದೆ ಕೇಳದೆ ಹೋಗುವಂಥದ್ದು, ಅದು ಹೋದಾಗಲೆಲ್ಲ ಕಂಪ್ಯೂಟರ್ ನರಳಿ ಆರುತ್ತಿತ್ತು, ಯುಪಿಎಸ್ ತಂದೆ. ವೈರಸ್ ಎಂಬ ಕಾಯಿಲೆ ಬಂದೀತೆಂಬ ಹೆದರಿಕೆಗೆ ಎಲ್ಲವನ್ನೂ ಸೀಡಿಗೆ ಇಳಿಸತೊಡಗಿದೆ. ಸೆಲ್ಲುಗಳ ಮಾತಂತೂ ಬೇಡ. ಎರಡು ಪೆನ್ಸಿಲ್ ಸೆಲ್ಲುಗಳನ್ನು ಆ ಕ್ಯಾಮೆರಾ ಮಂಡಕ್ಕಿಯಂತೆ ಮುಕ್ಕುತ್ತಿತ್ತು. ಆಮೇಲೆ ಚಾರ್ಜ್ ಮಾಡುವ ಸೆಲ್ಲು, ಅದಕ್ಕೊಂದು ಚಾರ್ಜರು. ಇಷ್ಟೆಲ್ಲ ಆದ ಮೇಲೆ ನಮ್ಮ ಅತ್ತೆ ಬಂದು, ‘ಟೀವ್ಯಾಗ ನೋಡಿದ್ರ ಏನ ಬಂತಪಾ, ಕೈಯಾಗ ಹಿಡಕೊಳ್ಳಾಕ ಒಂದ ಫೋಟೋ ಕೊಡು’ ಎಂದು ಪಟ್ಟುಹಿಡಿದರು. ಅಲ್ಲಿಗೆ ಪ್ರಿಂಟಿನ ಖರ್ಚೂ ಮರಳಿ ಬಂತು. ಆಯುಧಪೂಜೆಯ ದಿನ ಗಿರಿಜಾ, ಸೈಕಲ್ಲಿಗೆ, ಈಳಿಗೆಗೆ, ಹೊಲಿಗೆ ಮಷೀನಿಗೆ ಒಂದೊಂದು ಚೆಂಡು ಹೂವಿಟ್ಟು, ಕ್ಯಾಮೆರಾಕ್ಕೆ ದೊಡ್ಡದೊಂದು ಮಾಲೆಯನ್ನೇ ಹಾಕಿದಳು. ಯಾಕೆಂದು ಕೇಳಿದೆ. ‘ಎಲ್ಲಾರಕಿಂತ ಹೆಚ್ಚ ಉಂಡದ್ದು ಇದ ಅಲ್ಲೇನ್ರಿ? ದೊಡ್ಡ ದೇವರು’ ಎಂದಳು.

ಊರಿಗೆ ಮಾತ್ರ ಈ ಒಳಗುಟ್ಟು ತಿಳಿಯದು. ‘ಮಾಸ್ತರ್ರ ಕ್ಯಾಮೆರಾಕ್ಕ ಖರ್ಚ ಇಲ್ಲಂತ’ ಎಂಬುದು ಮಾತ್ರ ತಿಳಿದಿತ್ತು. ಜನ ಬರತೊಡಗಿದರು. ಗೃಹಪ್ರವೇಶ, ಮಗುವಿನ ಜಾವಳ, ನಿವೃತ್ತಿಯ ಹಾರ. ಅಗಡಿಯ ರೈತರೊಬ್ಬರು ಎಮ್ಮೆಯ ವಿಮೆಗೆ ಫೋಟೋ ಬೇಕೆಂದು ಶಾಲೆಯ ಗೇಟಿಗೇ ಎಮ್ಮೆಯನ್ನು ಹೊಡೆದುಕೊಂಡು ಬಂದರು. ಕಿವಿಯ ಬಿಲ್ಲೆ ಕಾಣಬೇಕು, ಎಮ್ಮೆಗೆ ಅದು ಒಪ್ಪಿಗೆಯಿಲ್ಲ. ಒಂಬತ್ತನೆಯ ತರಗತಿಯ ಬೀಜಗಣಿತ ಅರ್ಧಕ್ಕೆ ನಿಂತು, ನಾನು ಎಮ್ಮೆಯ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೆ. ‘ರೀಲ್ ಮುಗದೈತ್ರಿ’ ಎನ್ನಲು ಈಗ ರೀಲೇ ಇಲ್ಲ. ಆದರೂ ಸುಳ್ಳು ಏಕೆ ಹೇಳಲಿ, ಪ್ರತಿಯೊಂದು ಕರೆಗೂ ನಾನು ಕುಣಿದುಕೊಂಡೇ ಹೋಗುತ್ತಿದ್ದೆ. ಎಮ್ಮೆಯ ಫೋಟೋ ಕೂಡ ಬಹಳ ಚೆನ್ನಾಗಿ ಬಂದಿತ್ತು.

ಹೀಗಿರುವಾಗ ಬ್ಯಾಡಗಿಯಿಂದ ಫೋನು ಬಂತು. ಗಿರಿಜಾಳ ಕಾಕಾ ಬಸಣ್ಣನವರು ಅಲ್ಲಿ ಮೆಣಸಿನಕಾಯಿ ವ್ಯಾಪಾರಸ್ಥರು. ಅವರ ಒಬ್ಬಳೇ ಮಗಳು ಸವಿತಾಳ ನಿಶ್ಚಯ. ವರ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವನು. ಮನೆತನ ಐರಣಿಯದು, ಹೊಳೆದಂಡೆಯ ಹೊಲ. ಮೂರು ವರ್ಷ ಹುಡುಕಿ, ಐದಾರು ಕಡೆ ಕೂಡಿ ಬರದೆ, ಕೊನೆಗೆ ಒದಗಿದ ಸಂಬಂಧ.

‘ಅಳಿಯಂದ್ರ, ರಾಣೆಬೆನ್ನೂರ ದಸ್ತಗೀರ ಸಾಹೇಬರಿಗೆ ಹೇಳಿದ್ದೆ. ಈಗ ಬ್ಯಾಡ ಅಂದೇನಿ. ನಿಮ್ಮ ಹತ್ರ ಖರ್ಚಿಲ್ಲದ ಕ್ಯಾಮೆರಾ ಇದ್ದ ಮ್ಯಾಲ ಹೊರಗಿನವರಿಗೆ ಯಾಕ ರೊಕ್ಕ ಕೊಡೂದು? ಹೌದಲ್ಲೋ?’

‘ಹೌದ್ರಿ’ ಎಂದ ಬಾಯಿ ನನ್ನದೇ. ಕ್ಯಾಮೆರಾ ಕೊಂಡ ದಿನದಿಂದ ನಾನು ದಸ್ತಗೀರ ಸಾಹೇಬರ ಅಂಗಡಿಯತ್ತ ಹೋಗಿರಲಿಲ್ಲ. ಚಿಗರಿ ನೋಡಲು ಹೋದರೂ ಸ್ಟೇಷನ್ ರಸ್ತೆ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಈಗ ಅವರ ಒಂದು ದಿನದ ದುಡಿಮೆಯನ್ನೂ ಕಿತ್ತುಕೊಂಡಂತಾಯಿತು. ಗಿರಿಜಾಳಿಗೆ ಹೇಳಿದರೆ, ‘ನೀವ ಹೋಗಿ ಮಾರಿ ತೋರಿಸಿ ಬರ್ರಿ’ ಎಂದಳು. ಹೋಗುವ ಧೈರ್ಯವಾಗಲಿಲ್ಲ.

ನಿಶ್ಚಯ ಒಂದು ಭಾನುವಾರ. ಮುಹೂರ್ತ ಹತ್ತೂ ನಲವತ್ತರಿಂದ ಹನ್ನೊಂದೂ ಐದರ ಒಳಗೆ. ಹಿಂದಿನ ದಿನ ಸೆಲ್ಲುಗಳನ್ನು ಚಾರ್ಜಿಗೆ ಹಾಕಿದ್ದೆ. ಮುಂಜಾನೆ ಎದ್ದು ನೋಡಿದರೆ ಕರೆಂಟು ಯಾವಾಗಲೋ ಹೋಗಿತ್ತು. ಅರ್ಧ ಹೊಟ್ಟೆಯ ಸೆಲ್ಲುಗಳನ್ನೇ ಹಾಕಿಕೊಂಡು ಬ್ಯಾಡಗಿಯ ಬಸ್ಸು ಹತ್ತಿದೆವು. ಬಸ್ಸಿಳಿದು ನಡೆಯುವಾಗ ಒಂದು ಬಯಲಿನ ತುಂಬ ಮೆಣಸಿನಕಾಯಿ ಹರಡಿದ್ದರು. ಎಳೆಬಿಸಿಲಿನಲ್ಲಿ ಆ ಕೆಂಪು! ಯಾರೋ ಊರಿನ ಅಷ್ಟೂ ರೇಷ್ಮೆ ಸೀರೆಗಳನ್ನು ನೆಲಕ್ಕೆ ಹಾಸಿದಂತಿತ್ತು. ಹೆಂಗಸರು ಸಾಲಾಗಿ ಕುಳಿತು ತೊಟ್ಟು ಬಿಡಿಸುತ್ತಿದ್ದರು. ನಾನು ಮೈಮರೆತೆ. ನಿಂತು ತೆಗೆದೆ, ಕುಳಿತು ತೆಗೆದೆ, ಹೊಟ್ಟೆಯ ಮೇಲೆ ಮಲಗಿ ತೆಗೆದೆ. ಘಾಟಿಗೆ ಸೀನುತ್ತ ಸೀನುತ್ತಲೇ ತೊಂಬತ್ತು ಫೋಟೋ ತೆಗೆದೆ. ರೀಲಿನ ಕಾಲವಾಗಿದ್ದರೆ ಒಂದು ತೆಗೆದು, ಎರಡನೆಯದಕ್ಕೆ ಯೋಚಿಸಿ, ಮುಂದೆ ನಡೆಯುತ್ತಿದ್ದೆ. ‘ಸವಿತಾಂದು ತಗಿಯಾಕ ಬಂದೀರೋ, ಮೆಣಸಿನಕಾಯಿದು ತಗಿಯಾಕ ಬಂದೀರೋ?’ ಎಂದು ಗಿರಿಜಾ ತೋಳು ಹಿಡಿದೆಳೆದಳು. ‘ಖರ್ಚೇನ ಐತಿ?’ ಎಂದೆ.

ಖರ್ಚು ಏನೆಂಬುದು ಬಸಣ್ಣನವರ ಅಂಗಳದ ರಂಗೋಲಿಯನ್ನು ತೆಗೆಯುವಾಗ ತಿಳಿಯಿತು. ಕ್ಯಾಮೆರಾ ಒಮ್ಮೆ ಕಣ್ಣು ಪಿಳುಕಿಸಿ ಮಲಗಿಬಿಟ್ಟಿತು. ಓಡಿದೆ. ಭಾನುವಾರವಾದ್ದರಿಂದ ಪೇಟೆಯೆಲ್ಲ ಬಂದ್. ಒಂದೇ ಒಂದು ಗೂಡಂಗಡಿ ತೆರೆದಿತ್ತು. ಅಲ್ಲಿ ಧೂಳು ಹಿಡಿದ ಎರಡು ಸೆಲ್ಲು ಸಿಕ್ಕವು. ಅವು ಎಂಟು ಫೋಟೋಕ್ಕೆ ಪ್ರಾಣಬಿಟ್ಟವು. ಒಂಬತ್ತೂವರೆ ಮುಗಿದಿತ್ತು. ಮನೆಯವರೆಲ್ಲ ಹಿತ್ತಲಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಪಡಸಾಲೆಯಲ್ಲಿ ನಾನೊಬ್ಬನೇ ಬೆವರುತ್ತ ನಿಂತಿದ್ದೆ. ಟೀವಿಯ ರಿಮೋಟು ಕಣ್ಣಿಗೆ ಬಿತ್ತು. ಅದರೊಳಗಿನ ಎರಡರಲ್ಲಿ ಒಂದು ಸೆಲ್ಲು ಒಸರಿ ಹಸಿರಾಗಿತ್ತು, ಒಂದು ನೆಟ್ಟಗಿತ್ತು. ಇನ್ನೊಂದು ಬೇಕು. ಆಗ ತಲೆಯ ಮೇಲೆ ಟಿಕ್ ಟಿಕ್ ಎಂದಿತು.

ಬಸಣ್ಣನವರ ಪಡಸಾಲೆಯ ಗಡಿಯಾರ ದೊಡ್ಡದು, ಕೆಳಗೆ ಹಿತ್ತಾಳೆ ಬಣ್ಣದ ಲೋಲಕ ಆಡುವಂಥದ್ದು. ನಾನು ಕಳ್ಳನಲ್ಲ. ಸ್ಟೂಲು ಹತ್ತಿ, ಗಡಿಯಾರ ಸರಿಸಿ, ಸೆಲ್ಲು ತೆಗೆದಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಪರೀಕ್ಷಿಸಿ ನೋಡುವುದು, ಆಗದಿದ್ದರೆ ಎರಡು ನಿಮಿಷದಲ್ಲಿ ಮರಳಿ ಹಾಕುವುದು. ಗಡಿಯಾರ ಹತ್ತಕ್ಕೆ ಹತ್ತು ಕಡಿಮೆ ಇದ್ದಾಗ ನಿಂತಿತು. ಎರಡು ಸೆಲ್ಲನ್ನೂ ಕ್ಯಾಮೆರಾಕ್ಕೆ ಹಾಕಿದೆ. ಅದು ಮೂಗು ಹೊರಗೆ ಚಾಚಿತು, ನನ್ನನ್ನು ನೋಡಿತು, ಮೂಗು ಒಳಗೆ ಎಳೆದುಕೊಂಡಿತು. ಅಷ್ಟೇ. ಮರಳಿ ಹಾಕಲೆಂದು ಗಡಿಯಾರದ ಸೆಲ್ಲನ್ನು ಕ್ಯಾಮೆರಾದಿಂದ ತೆಗೆದು ಜೇಬಿಗಿಳಿಸುವ ಹೊತ್ತಿಗೆ ಹೊರಗೆ ಜೀಪುಗಳು ನಿಂತ ಸದ್ದಾಯಿತು. ‘ಬರ್ರಿ ಬರ್ರಿ, ಕುಂದ್ರಿ’ ಎಂಬ ಗದ್ದಲದೊಂದಿಗೆ ಐರಣಿಯ ಬೀಗರು ಒಳಗೆ ಬಂದು ಜಮಖಾನೆಯ ಮೇಲೆ ಕುಳಿತುಬಿಟ್ಟರು. ವರನ ಅಜ್ಜಿ, ಎಂಬತ್ತು ದಾಟಿದ ಗಟ್ಟಿ ಜೀವ, ಸರಿಯಾಗಿ ಗಡಿಯಾರದ ಕೆಳಗಿನ ಗೋಡೆಗೆ ಒರಗಿದಳು. ಬೀಗರ ಅಜ್ಜಿಯ ತಲೆಯ ಮೇಲೆ ಸ್ಟೂಲು ಹಾಕಿ ಹತ್ತುವ ಶಾಸ್ತ್ರ ಯಾವ ಕುಲದಲ್ಲಿದೆ? ಸೆಲ್ಲು ಜುಬ್ಬಾದ ಜೇಬಿನಲ್ಲೇ ಉಳಿಯಿತು.

ಬೀಗರ ಹಿಂದೆಯೇ ಇನ್ನೊಬ್ಬರು ಬಂದರು. ಬಿಳಿಯ ಪೈಜಾಮ, ಹೆಗಲಿಗೆ ಅದೇ ಹಳೆಯ ಚರ್ಮದ ಚೀಲ. ದಸ್ತಗೀರ ಸಾಹೇಬರು! ಫೋಟೋಕ್ಕೆ ಬೇಡವೆಂದರೂ ಊಟಕ್ಕೆ ಬರಲೇಬೇಕೆಂದು ಬಸಣ್ಣನವರು ಕರೆದಿದ್ದರಂತೆ. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ಅವರೇ ಕೈಮುಗಿದರು. ‘ಏನ್ರಿ ಮಾಸ್ತರ್ರ, ಚಿಗರಿ ಸಿಕ್ಕಾವಿಲ್ಲೋ?’ ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಈಗ ನನ್ನ ನಿಜವಾದ ಸಂಕಟ ಸುರುವಾಯಿತು. ಗಂಡಸರು ಮೆಣಸಿನಕಾಯಿಯ ದರದ ಮಾತಿಗೆ ಇಳಿದರೆ ಕೈಗಡಿಯಾರ ನೋಡುವವರಲ್ಲ. ಒಳಗೆ ಹೆಂಗಸರು ಸವಿತಾಳಿಗೆ ಜಡೆ ಹೆಣೆಯುತ್ತ, ಬಾಗಿಲಿನಿಂದ ಇಣುಕಿ ಪಡಸಾಲೆಯ ಗಡಿಯಾರ ನೋಡಿ ಹೊತ್ತು ತಿಳಿಯುತ್ತಿದ್ದರು. ನನ್ನ ಕೈಗಡಿಯಾರದಲ್ಲಿ ಹತ್ತೂವರೆ. ಗಡಿಯಾರದಲ್ಲಿ ಒಂಬತ್ತೂ ಐವತ್ತು. ಬಾಗಿಲಿಗೆ ಹೋಗಿ, ‘ಲಗೂ ಮಾಡ್ರಿ, ಹೊತ್ತಾತು’ ಎಂದೆ. ‘ಇನ್ನಾ ಹತ್ತ ಸೈತ ಆಗಿಲ್ಲ ಬಿಡ್ರಿ. ಗಂಡಸ್ರಿಗೆ ಬರೇ ಅವಸರ’ ಎಂದು ಒಳಗಿನಿಂದ ನನ್ನ ಹೆಂಡತಿಯ ದನಿಯೇ ಬಂತು. ಹತ್ತೂ ನಲವತ್ತಾಯಿತು. ಹತ್ತೂ ನಲವತ್ತೈದಾಯಿತು. ಶಾಸ್ತ್ರ ನಡೆಸಲು ಬಂದಿದ್ದ ಅಯ್ಯನವರು ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸುತ್ತ, ಕತ್ತೆತ್ತಿ ಗಡಿಯಾರ ನೋಡಿ, ಸಮಾಧಾನದಿಂದ ಇನ್ನೊಂದು ಎಲೆ ಒರೆಸಿದರು.

ಆಗ ಅಜ್ಜಿ ಯಾಕೋ ಮೇಲೆ ನೋಡಿದಳು. ನೋಡಿಯೇ ನೋಡಿದಳು.

‘ಬಸಣ್ಣ, ನಿಮ್ಮ ಗಡಿಯಾರದ ನಾಲಗಿ ಅಲ್ಲಾಡವಲ್ದಲ್ಲಪಾ!’

ವರನ ಕಾಕಾ ತೋಳು ಸರಿಸಿ ಕೈಗಡಿಯಾರ ನೋಡಿ, ‘ಅಯ್ಯಯ್ಯ, ಹನ್ನೊಂದಕ್ಕ ಹತ್ತ ಕಮ್ಮಿ ಐತಿ!’ ಎಂದು ಕೂಗಿದ. ಒಳಗಿನಿಂದ ಹೆಂಗಸರು ಬಾಗಿಲಿಗೆ ನುಗ್ಗಿ ಬಂದರು. ಅಜ್ಜಿಯ ಮುಖ ಗಂಭೀರವಾಯಿತು.

‘ಹುಡುಗೂರಿಗೆ ಉಂಗುರ ಹಾಕೋ ಹೊತ್ತಿಗೆ ಮನಿ ಗಡಿಯಾರ ನಿಂತ್ರ ಅದು ಚುಲೋ ಅಲ್ಲ. ದೇವರು ಏನೋ ಹೇಳಾಕತ್ತಾನ. ಇವತ್ತ ಬ್ಯಾಡ. ಇನ್ನೊಮ್ಮೆ ನೋಡೂಣು.’

‘ಆಯಿ, ಹಂಗ ಅನಬ್ಯಾಡ್ರಿ’ ಎಂದು ಬಸಣ್ಣನವರು ಕೈಮುಗಿದರು. ಬಾಗಿಲಲ್ಲಿ ಸವಿತಾ ಅರ್ಧ ಹೆಣೆದ ಜಡೆಯನ್ನು ಹಿಡಿದುಕೊಂಡು ನಿಂತಿದ್ದಳು. ವರ ತಲೆ ಬಗ್ಗಿಸಿ ಜಮಖಾನೆಯ ಎಳೆ ಕೀಳುತ್ತಿದ್ದ. ಐರಣಿಯ ಹಿರಿಯರಲ್ಲಿ ಒಬ್ಬಿಬ್ಬರು ಆಗಲೇ ಹೊರಡಲೆಂದು ತಲೆಯ ಪಟಗ ಸರಿಪಡಿಸಿಕೊಳ್ಳತೊಡಗಿದ್ದರು. ಮೂರು ವರ್ಷ ಹುಡುಕಿದ ಸಂಬಂಧ ನನ್ನ ಜೇಬಿನಲ್ಲಿ, ಒಂದು ಬೆರಳುದ್ದದ ಸೆಲ್ಲಿನ ರೂಪದಲ್ಲಿ ತೊಡೆಗೆ ಒತ್ತುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ಸವಿತಾಳ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ನಾನು ಎದ್ದು ನಿಂತೆ.

‘ಆಯಿ, ಗಡಿಯಾರ ತಾನಾಗೇ ನಿಂತಿಲ್ರಿ. ನಾ ನಿಲ್ಲಿಸೇನಿ.’

ಜೇಬಿನಿಂದ ಸೆಲ್ಲು ತೆಗೆದು ಎತ್ತಿ ಹಿಡಿದೆ. ಅಜ್ಜಿ ಕಣ್ಣು ಕಿರಿದು ಮಾಡಿದಳು.

‘ಯಾಕಪಾ?’

‘ಕ್ಯಾಮೆರಾಕ್ಕ ಹಾಕಾಕ್ರಿ.’

‘ಹಾಕಿದ್ಯಾ?’

‘ಹಾಕಿದೆ.’

‘ಫೋಟೋ ಬಂತಾ?’

‘ಇಲ್ರಿ.’

ಅಜ್ಜಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದಳು. ‘ಏನ ಮಾಡ್ತೀ ನೀನು?’

‘ಮಾಸ್ತರಿಕಿ ಮಾಡ್ತೇನ್ರಿ. ಲೆಕ್ಕ ಕಲಸ್ತೇನಿ.’

‘ಹಂಗಾರ ಇದು ಅಪಶಕುನ ಅಲ್ಲ ಬಿಡ್ರೋ’ ಎಂದು ಅಜ್ಜಿ ಸಭೆಗೆ ಸಾರಿದಳು. ‘ಬರೇ ಶ್ಯಾಣ್ಯಾತನ!’

ಆಕೆಯೇ ಮೊದಲು ನಕ್ಕಳು. ಹಲ್ಲಿಲ್ಲದ ಬಾಯಿಯ ಆ ನಗು ಜಮಖಾನೆಯ ಈ ತುದಿಯಿಂದ ಆ ತುದಿಗೆ ಹಬ್ಬಿತು. ಪಟಗ ಸರಿಪಡಿಸಿಕೊಂಡವರು ಪಟಗ ತೆಗೆದು ಬೆವರು ಒರೆಸಿಕೊಂಡು ನಕ್ಕರು. ಬಸಣ್ಣನವರು ನಗಬೇಕೋ ನನ್ನನ್ನು ಹೊಡೆಯಬೇಕೋ ತಿಳಿಯದೆ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ‘ಮೊದಲ ಅದರ ಹೊಟ್ಟಿಗೆ ಹಾಕು ಹೋಗು’ ಎಂದು ಅಜ್ಜಿ ತಾನೇ ಸರಿದು ಸ್ಟೂಲಿಗೆ ಜಾಗ ಬಿಟ್ಟಳು. ಮುಹೂರ್ತಕ್ಕೆ ಉಳಿದದ್ದು ಹತ್ತೇ ನಿಮಿಷ. ಅರ್ಧ ಜಡೆಗೇ ಮಲ್ಲಿಗೆ ಸುತ್ತಿ ಸವಿತಾಳನ್ನು ಕರೆತಂದು ಮಣೆಯ ಮೇಲೆ ಕೂಡಿಸಿದರು. ಅಯ್ಯನವರ ಮಂತ್ರ ಓಡತೊಡಗಿತು.

‘ಫೋಟೋ?’ ಎಂದ ಬಸಣ್ಣನವರ ದನಿ ಅಳುವಂತಿತ್ತು.

ಮೂಲೆಯಿಂದ ದಸ್ತಗೀರ ಸಾಹೇಬರು ಎದ್ದರು. ಚರ್ಮದ ಚೀಲದಿಂದ ಹಳೆಯ ಕ್ಯಾಮೆರಾ ತೆಗೆದು, ಮೇಲಿನ ಅಂಕಿ ನೋಡಿದರು. ‘ಹನ್ನೆರಡ ಉಳದಾವ್ರಿ. ಸಾಕು’ ಎಂದರು.

ಆ ಹನ್ನೆರಡನ್ನು ಅವರು ತೆಗೆದ ರೀತಿಯನ್ನು ನಾನು ಸ್ಟೂಲಿನ ಮೇಲಿಂದಲೇ, ಗಡಿಯಾರದ ಮುಳ್ಳು ಸರಿಪಡಿಸುತ್ತ, ಕತ್ತು ತಿರುಗಿಸಿ ನೋಡಿದೆ. ಒಂದು ಕಡೆ ನಿಲ್ಲುವರು, ಕಾಯುವರು, ಒಂದೇ ಸಲ ‘ಕ್ಲಿಕ್’. ಸವಿತಾ ಉಂಗುರ ತೊಡಿಸಿ ಕಣ್ಣೆತ್ತುವವರೆಗೆ ಉಸಿರು ಹಿಡಿದು ನಿಂತರು. ಹನ್ನೊಂದೂ ಮೂರಕ್ಕೆ ಎರಡೂ ಉಂಗುರ ಬೆರಳು ಸೇರಿದ್ದವು. ತಲೆಯ ಮೇಲೆ ಲೋಲಕ ಆಡುತ್ತಿತ್ತು.

ಊಟಕ್ಕೆ ನಾನೇ ಹುಡುಕಿಕೊಂಡು ಹೋಗಿ ಸಾಹೇಬರ ಪಕ್ಕ ಕುಳಿತೆ. ಹೋಳಿಗೆಗೆ ತುಪ್ಪ ಬಿತ್ತು. ಆಮೇಲೆ, ‘ಸಾಹೇಬ್ರ, ನಿಮ್ಮ ಹೊಟ್ಟಿ ಮ್ಯಾಲ ಹೊಡದೆ ನಾನು’ ಎಂದೆ.

‘ಅರೇ, ಏನಂತೀರಿ ಮಾಸ್ತರ್ರ! ನೀವ ಹೊಡೀಲಿಲ್ಲಂದ್ರ ಇನ್ನೊಬ್ಬರು ಹೊಡೀತಿದ್ರು. ಜಮಾನಾನ ಹಂಗ ಐತಿ.’ ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. ‘ಖರೇ ಹೇಳ್ತೇನಿ, ನಾನೂ ಒಂದ ಡಿಜಿಟಲ್ ಬುಕ್ ಮಾಡೇನಿ. ಮುಂದಿನ ವಾರ ಬರ್ತೈತಿ. ಹೆಂಗ್ರಿ ಅದು? ಮಜಾ ಐತಿ?’

ಅವರ ಕಣ್ಣಲ್ಲಿ ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನ ಕಣ್ಣಲ್ಲಿದ್ದದ್ದೇ ಹೊಳೆಯುತ್ತಿತ್ತು. ನಾನು ಹೋಳಿಗೆ ಮರೆತು ಎಲ್ಲವನ್ನೂ ಹೇಳತೊಡಗಿದೆ: ಪರದೆ, ಅಳಿಸುವ ಗುಂಡಿ, ತೊಂಬತ್ತು ಮೆಣಸಿನಕಾಯಿ. ಅವರೂ ಹೋಳಿಗೆ ಮರೆತು ಕೇಳಿದರು. ಕೊನೆಗೆ, ‘ಸೆಲ್ ಮಾತ್ರ ಯಾವ್ದ ಹಾಕಬೇಕು?’ ಎಂದರು. ‘ಯಾವ್ದ ಹಾಕಬೇಕು ಗೊತ್ತಿಲ್ರಿ. ಗಡಿಯಾರದ್ದು ನಡ್ಯೂದಿಲ್ಲ’ ಎಂದೆ. ಇಬ್ಬರೂ ನಕ್ಕ ನಗುವಿಗೆ ಬಡಿಸುವವರು ತಿರುಗಿ ನೋಡಿದರು.

ಆ ಹನ್ನೆರಡರಲ್ಲಿ ಒಂದೂ ಹಾಳಾಗಿರಲಿಲ್ಲ. ಸವಿತಾಳ ಮದುವೆ ಸುಸೂತ್ರವಾಗಿ ಆಯಿತು. ಈಗ ಆಕೆ ರಾಣೆಬೆನ್ನೂರಿನಲ್ಲಿ ಗಂಡನ ಅಂಗಡಿಯ ವಹಿವಾಟನ್ನೆಲ್ಲ ತಾನೇ ನೋಡುತ್ತಾಳೆ. ಉಂಗುರ ತೊಡಿಸುವ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಬಸಣ್ಣನವರು ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಪ್ರಿಂಟಿನ ಮತ್ತು ಕಟ್ಟಿನ ಖರ್ಚು ನನ್ನದೆಂದು ಗಿರಿಜಾ ತೀರ್ಪು ಕೊಟ್ಟಿದ್ದಳು. ಬಹಳ ಸುಂದರವಾದ ಫೋಟೋ. ಮುಂದೆ ಸವಿತಾ, ವರ, ಅಜ್ಜಿಯ ನಗು. ಹಿಂದೆ, ನಡುಮಧ್ಯದಲ್ಲಿ, ಸ್ಟೂಲಿನ ಮೇಲೆ ಬೆನ್ನು ಮಾಡಿ ನಿಂತು ಗಡಿಯಾರಕ್ಕೆ ಎರಡೂ ಕೈ ಹಚ್ಚಿ, ಕತ್ತು ಮಾತ್ರ ತಿರುಗಿಸಿ ನೋಡುತ್ತಿರುವ ಒಬ್ಬ ಮನುಷ್ಯ. ಕಟ್ಟಿನಲ್ಲಿ ಅವನನ್ನು ಮರೆಮಾಡಬಹುದೇ ಎಂದು ನಾನು ಕೇಳಿ ನೋಡಿದೆ. ಅಜ್ಜಿ ಬಿಲ್‌ಕುಲ್ ಒಪ್ಪಲಿಲ್ಲವಂತೆ.

ಈಚೆಗೆ ಬ್ಯಾಡಗಿಗೆ ಹೋದಾಗ ಪಡಸಾಲೆಯಲ್ಲಿ ಒಬ್ಬ ಹಿರಿಯ ವ್ಯಾಪಾರಸ್ಥರು ಕುಳಿತಿದ್ದರು. ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

‘ಇವರು ನೀವ ಅಲ್ರೀ? ಚುಲೋ ಆತು ನೋಡ್ರಿ. ನಮ್ಮನ್ಯಾಗೂ ಒಂದ ಗಡಿಯಾರ ನಿಂತೈತಿ. ಬಾಜೂಕ ಮನಿ. ಒಂದಿಷ್ಟ ನೋಡಿ ಬರ್ತೀರೇನು?’

ನಾನು ಛಾಯಾಗ್ರಾಹಕ ಎಂದು ಹೇಳಬೇಕೆಂದು ಬಾಯಿ ತೆರೆದೆ. ಒಳಗಿನಿಂದ ಗಿರಿಜಾ ನೋಡುತ್ತಿದ್ದಳು. ಸುಮ್ಮನೆ ಎದ್ದು ಹೋದೆ. ಸೆಲ್ಲು ಸತ್ತಿತ್ತು. ಕ್ಯಾಮೆರಾದ ಚೀಲದಲ್ಲಿದ್ದ ಹೊಸದೊಂದನ್ನು ಹಾಕಿ, ಮುಳ್ಳು ಸರಿಪಡಿಸಿದೆ, ಗಡಿಯಾರ ನಡೆಯಿತು. ಅವರಿಗೆ ಬಹಳ ಸಂತೋಷವಾಗಿ, ಬೇಡವೆಂದರೂ ಕೇಳದೆ, ನನ್ನ ಅಂಗೈಯಲ್ಲಿ ಇಪ್ಪತ್ತು ರೂಪಾಯಿ ಇಟ್ಟರು. ಇಷ್ಟು ವರ್ಷಗಳ ನನ್ನ ಛಾಯಾಗ್ರಹಣದಲ್ಲಿ, ರೀಲು ಡಿಜಿಟಲ್ ಎರಡೂ ಸೇರಿ, ಒಳಗೆ ಬಂದ ಹಣ ಇದೊಂದೇ. ಜೇಬಿಗೆ ಹಾಕಿಕೊಂಡು, ಇನ್ನೇನಾದರೂ ನಿಂತಿದೆಯೇ ಎಂದು ಕೇಳಿ ಬಂದೆ.